ಪ್ಯಾಸೇಜ್ ಅರ್ಥವಾಗುತ್ತದೆ, ಉತ್ತರ ಮಾತ್ರ ತಪ್ಪುತ್ತದೆ: ಜಿಇಡಿ ಓದಿನ ಪೇಪರ್‌ಗೆ ಅಭ್ಯಾಸ ಹೇಗೆ?

ಪ್ರಶ್ನೆ: ನನಗೆ 36 ವರ್ಷ. ಕನ್ನಡ ಮಾಧ್ಯಮದಲ್ಲಿ ಒಂಬತ್ತನೇ ತರಗತಿಯವರೆಗೆ ಓದಿ ಬಿಟ್ಟೆ. ಮದುವೆಯಾಗಿ ಅಮೆರಿಕಕ್ಕೆ ಬಂದು ಬಹಳ ವರ್ಷಗಳಾದವು. ಈಗ ನರ್ಸಿಂಗ್ ಅಸಿಸ್ಟೆಂಟ್ ಆಗಿ ಕೆಲಸ ಮಾಡುತ್ತಿದ್ದೇನೆ. ಮುಂದೆ ನರ್ಸಿಂಗ್ ಓದಬೇಕೆಂಬ ಆಸೆ; ಅದಕ್ಕೆ ಹೈಸ್ಕೂಲ್ ಡಿಪ್ಲೊಮಾಗೆ ಸಮನಾದ ಜಿಇಡಿ ಬೇಕು. ಗಣಿತ ಹೇಗೋ ಪಾಸಾಯಿತು. ಇಂಗ್ಲಿಷ್ ಓದಿನ ಪೇಪರ್‌ನಲ್ಲಿ ಸಿಕ್ಕಿಕೊಂಡಿದ್ದೇನೆ. ಜಿಇಡಿ ರೆಡಿ ಅಭ್ಯಾಸ ಪರೀಕ್ಷೆಯಲ್ಲಿ 138 ಬಂತು. ಪ್ಯಾಸೇಜ್ ಓದಿದರೆ ಅರ್ಥವಾಗುತ್ತದೆ, ಆದರೂ ಉತ್ತರ ತಪ್ಪುತ್ತದೆ. ದಿನಾ ಹೊಸ ಹೊಸ ಪ್ಯಾಸೇಜ್ ಮಾಡುತ್ತಲೇ ಇದ್ದೇನೆ. ಸಾವಿರ ಪದಗಳ ಪಟ್ಟಿ ಬಾಯಿಪಾಠ ಮಾಡು ಎನ್ನುತ್ತಾಳೆ ಗೆಳತಿ. ಮೊದಲು ಪ್ರಶ್ನೆ ಓದಬೇಕಾ, ಪ್ಯಾಸೇಜ್ ಓದಬೇಕಾ? ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿಕೊಂಡು ಓದಿದರೆ ತಪ್ಪಾ?

ಉತ್ತರ: ಮೊದಲಿಗೆ ಆ 138ರ ಮಾತು. ಜಿಇಡಿಯಲ್ಲಿ ಪ್ರತಿ ವಿಷಯಕ್ಕೂ ಅಂಕ 100ರಿಂದ 200ರ ನಡುವೆ ಬರುತ್ತದೆ, ಪಾಸಾಗಲು 145 ಬೇಕು. ಅಭ್ಯಾಸ ಪರೀಕ್ಷೆಯಲ್ಲಿ 134ರಿಂದ 144ರವರೆಗಿನದು ಹಳದಿ ಪಟ್ಟಿ: ಪಾಸಾಗಬಹುದು, ಆಗದೆಯೂ ಇರಬಹುದು ಎಂಬ ಗಡಿ. ನೀವು ಅದರ ಕೆಳಗಿನ ಕೆಂಪು ಪಟ್ಟಿ ದಾಟಿದ್ದೀರಿ. ಅಂದರೆ ನಿಮಗೆ ಇಂಗ್ಲಿಷ್ ಬರುವುದಿಲ್ಲ ಎಂಬ ಸಮಸ್ಯೆ ಇಲ್ಲ. ಇಂಗ್ಲಿಷ್ ಬಾರದವರಿಗೆ 138 ಬರುವುದಿಲ್ಲ. ಸಮಸ್ಯೆ ಇರುವುದು ಪ್ಯಾಸೇಜ್ ಓದಿ ಮುಗಿಸಿದ ಮೇಲೆ, ನಾಲ್ಕು ಆಯ್ಕೆಗಳನ್ನು ನೋಡುವ ಹೊತ್ತಿನಲ್ಲಿ.

ಕನ್ನಡ ಮಾಧ್ಯಮದಲ್ಲಿ ಓದಿದ ಬಹುತೇಕರು ನನಗೆ ಹೇಳುವುದು ಇದೇ ಮಾತು, ಮತ್ತು ಕಾರಣವೂ ಬಹುತೇಕ ಒಂದೇ. ಶಾಲೆಯಲ್ಲಿ ನಮಗೆ ಕಲಿಸಿದ್ದು ಹೀಗೆ: ಪ್ರಶ್ನೆಯಲ್ಲಿರುವ ಪದ ಪಾಠದಲ್ಲಿ ಎಲ್ಲಿದೆ ಹುಡುಕು, ಆ ಸಾಲನ್ನು ಹಾಗೇ ಇಳಿಸು. ಅದಕ್ಕೆ ಪೂರ್ತಿ ಅಂಕ ಸಿಗುತ್ತಿತ್ತು. ಕಣ್ಣು ಅದಕ್ಕೇ ಪಳಗಿದೆ. ಜಿಇಡಿ ಪ್ರಶ್ನೆ ತಯಾರಿಸುವವರಿಗೆ ಈ ಅಭ್ಯಾಸ ಚೆನ್ನಾಗಿ ಗೊತ್ತು. ಆದ್ದರಿಂದಲೇ ಪ್ಯಾಸೇಜ್‌ನ ಪದಗಳನ್ನು ಹಾಗೆಯೇ ಎತ್ತಿಕೊಂಡ ಒಂದು ಆಯ್ಕೆ ಆಗಾಗ ಎದುರು ಕೂತಿರುತ್ತದೆ, ಮತ್ತು ಅದು ಎಷ್ಟೋ ಸಲ ತಪ್ಪು ಉತ್ತರ. ಸರಿ ಉತ್ತರ ಸಾಮಾನ್ಯವಾಗಿ ಅದೇ ವಿಷಯವನ್ನು ಬೇರೆ ಮಾತುಗಳಲ್ಲಿ ಹೇಳುತ್ತದೆ.

ಒಂದು ಉದಾಹರಣೆ ನೋಡೋಣ. ಇದು ನಾನೇ ಬರೆದದ್ದು. ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲಿರುತ್ತದೆ, ಇದಕ್ಕಿಂತ ತುಂಬಾ ಉದ್ದವಾಗಿಯೂ ಇರುತ್ತದೆ. ಪಟ್ಟಣದ ನಿವಾಸಿಯೊಬ್ಬರು ನಗರಸಭೆಗೆ ಬರೆದ ಪತ್ರ ಎಂದುಕೊಳ್ಳಿ:

"ಗ್ರಂಥಾಲಯವನ್ನು ಭಾನುವಾರ ಮುಚ್ಚುವ ಪ್ರಸ್ತಾಪ ತಮ್ಮ ಮುಂದಿದೆ. ಭಾನುವಾರ ಬರುವವರ ಸಂಖ್ಯೆ ಉಳಿದ ದಿನಗಳಿಗಿಂತ ಕಡಿಮೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ದಿನ ಬರುವವರು ಯಾರು ಎಂದು ಯಾರೂ ಕೇಳಿದಂತಿಲ್ಲ. ವಾರದ ಆರು ದಿನ ದುಡಿಯುವವರಿಗೆ ಬೇರೆ ದಿನ ಬಿಡುವಿಲ್ಲ. ಮನೆಯಲ್ಲಿ ಕಂಪ್ಯೂಟರ್ ಇಲ್ಲದೆ ಕೆಲಸಕ್ಕೆ ಅರ್ಜಿ ಹಾಕುವವರಿಗೆ ವಾರದಲ್ಲಿ ಸಿಗುವುದು ಆ ನಾಲ್ಕು ಗಂಟೆ ಮಾತ್ರ. ಹಣ ಉಳಿಸಲೇಬೇಕೆಂದಿದ್ದರೆ ಮಂಗಳವಾರ ಬೆಳಗಿನ ಹೊತ್ತನ್ನು ಪರಿಶೀಲಿಸಿ."

ಪ್ರಶ್ನೆ: ಬರುವವರ ಸಂಖ್ಯೆ ಕಡಿಮೆ ಎಂಬ ವಾಕ್ಯವನ್ನು ಲೇಖಕರು ಏಕೆ ಸೇರಿಸಿದ್ದಾರೆ?

ಎ) ಭಾನುವಾರ ಮುಚ್ಚುವುದು ಸರಿ ಎಂದು ಒಪ್ಪಿಕೊಳ್ಳಲು
ಬಿ) ಎದುರು ಪಕ್ಷದ ವಾದವನ್ನು ಗಮನಿಸಿದ್ದೇನೆ, ಆದರೆ ಅದೊಂದೇ ಸಾಲದು ಎಂದು ತೋರಿಸಲು
ಸಿ) ಭಾನುವಾರ ಬರುವವರ ಸಂಖ್ಯೆ ಉಳಿದ ದಿನಗಳಿಗಿಂತ ಕಡಿಮೆ ಎಂದು ತಿಳಿಸಲು
ಡಿ) ನಗರಸಭೆ ಗ್ರಂಥಾಲಯಕ್ಕೆ ಸಾಕಷ್ಟು ಹಣ ಕೊಡುತ್ತಿಲ್ಲ ಎಂದು ದೂರಲು

ಇಲ್ಲಿ ಸಿ ಕಡೆಗೆ ಕೈ ಹೋಗುತ್ತದೆ. ಅದರಲ್ಲಿ ಸುಳ್ಳೇನೂ ಇಲ್ಲ, ಪ್ಯಾಸೇಜ್‌ನ ಮಾತೇ ಅದು. ಆದರೆ ಕೇಳಿದ್ದು "ಏನು ಹೇಳಿದ್ದಾರೆ" ಅಂತಲ್ಲ, "ಏಕೆ ಹೇಳಿದ್ದಾರೆ" ಅಂತ. ಅದಕ್ಕೆ ಉತ್ತರ ಮುಂದಿನ ವಾಕ್ಯದ ಮೊದಲ ಪದದಲ್ಲಿದೆ: "ಆದರೆ". ಒಪ್ಪಿಕೊಂಡು, ಮರುಗಳಿಗೆಯಲ್ಲೇ ದಿಕ್ಕು ತಿರುಗಿಸಿದ್ದಾರೆ. ಹಾಗಾಗಿ ಬಿ. ಎ ಏಕೆ ತಪ್ಪೆಂದರೆ ಅದು "ಆದರೆ" ಬರುವುದಕ್ಕೆ ಮೊದಲೇ ಓದು ನಿಲ್ಲಿಸಿದವರ ಉತ್ತರ. ಡಿ ಪ್ಯಾಸೇಜ್‌ನಲ್ಲಿ ಇಲ್ಲವೇ ಇಲ್ಲ. ಹಣ ಎಂಬ ಪದ ಬಂದಿದೆ ಅಷ್ಟೆ, ದೂರು ನಮ್ಮ ತಲೆಯಿಂದ ಬಂದದ್ದು.

ಇದೇ ಪತ್ರದ ಮೇಲೆ ಇನ್ನೊಂದು ಬಗೆಯ ಪ್ರಶ್ನೆ ಬರಬಹುದು: ಲೇಖಕರು ಯಾವ ಮಾತನ್ನು ಒಪ್ಪುವ ಸಾಧ್ಯತೆ ಹೆಚ್ಚು? ಒಂದು ಆಯ್ಕೆ, "ಗ್ರಂಥಾಲಯದ ಯಾವ ಹೊತ್ತನ್ನೂ ಕಡಿತ ಮಾಡಬಾರದು." ಇನ್ನೊಂದು, "ಬರುವವರ ಸಂಖ್ಯೆಯೊಂದನ್ನೇ ನೋಡಿ ಕಡಿತ ಮಾಡಬಾರದು." ಭಾವನೆಯಿಂದ ಓದಿದವರು ಮೊದಲನೆಯದನ್ನು ಆರಿಸುತ್ತಾರೆ, ಏಕೆಂದರೆ ಲೇಖಕರು ಗ್ರಂಥಾಲಯದ ಪರ ಎಂದು ಅನ್ನಿಸಿರುತ್ತದೆ. ಆದರೆ ಕೊನೆಯ ವಾಕ್ಯದಲ್ಲಿ ಮಂಗಳವಾರದ ಹೊತ್ತನ್ನು ಅವರೇ ಬಿಟ್ಟುಕೊಡಲು ತಯಾರಿದ್ದಾರೆ. ಆ ಒಂದೇ ವಾಕ್ಯ ಮೊದಲ ಆಯ್ಕೆಯನ್ನು ಹೊಡೆದುಹಾಕುತ್ತದೆ. "ಯಾವುದೂ", "ಎಲ್ಲ", "ಎಂದಿಗೂ", "ಮಾತ್ರ" ಎಂಬ ಪದಗಳಿರುವ ಆಯ್ಕೆ ಕಂಡಾಗ, ಅಷ್ಟು ದೊಡ್ಡ ಮಾತನ್ನು ಪ್ಯಾಸೇಜ್ ನಿಜಕ್ಕೂ ಆಡಿದೆಯೇ ಎಂದು ವಾಪಸ್ ಹೋಗಿ ನೋಡಿ.

ನೀವು ದಿನವೂ ಹೊಸ ಪ್ಯಾಸೇಜ್ ಮಾಡುತ್ತಿದ್ದೀರಿ ಎಂದಿರಿ. ಅದನ್ನು ಸದ್ಯಕ್ಕೆ ನಿಲ್ಲಿಸಿ. ಒಂದು ಪ್ಯಾಸೇಜ್‌ಗೆ ಎರಡು ದಿನ ಕೊಡಿ. ಮೊದಲ ದಿನ ಗಡಿಯಾರ ಬೇಡ. ಪ್ಯಾಸೇಜ್ ಓದಿ, ಪ್ರತಿ ಪ್ಯಾರಾ ಪಕ್ಕದಲ್ಲಿ ಒಂದೇ ಸಾಲು ಬರೆಯಿರಿ, ಬೇಕಿದ್ದರೆ ಕನ್ನಡದಲ್ಲೇ. ಪ್ಯಾರಾ ಏನು ಹೇಳುತ್ತದೆ ಎಂದಲ್ಲ, ಏನು ಮಾಡುತ್ತದೆ ಎಂದು: "ಸಮಸ್ಯೆ ಇಡುತ್ತದೆ", "ಎದುರಾಳಿ ಮಾತನ್ನು ಒಪ್ಪುತ್ತದೆ", "ಉದಾಹರಣೆ ಕೊಡುತ್ತದೆ", "ಪರಿಹಾರ ಸೂಚಿಸುತ್ತದೆ". ಆಮೇಲೆ ಆಯ್ಕೆಗಳನ್ನು ಕೈಯಿಂದ ಮುಚ್ಚಿ ಪ್ರಶ್ನೆ ಓದಿ, ನಿಮ್ಮ ಉತ್ತರವನ್ನು ನಿಮ್ಮದೇ ಮಾತಿನಲ್ಲಿ ಹೇಳಿಕೊಳ್ಳಿ. ಆಮೇಲೆ ಆಯ್ಕೆಗಳನ್ನು ತೆರೆದು ಹತ್ತಿರದ್ದನ್ನು ಆರಿಸಿ. ಆರಿಸಿದ್ದಕ್ಕೆ ಸಾಕ್ಷಿಯಾದ ವಾಕ್ಯಕ್ಕೆ ಪ್ಯಾಸೇಜ್‌ನಲ್ಲಿ ಗೆರೆ ಎಳೆಯಿರಿ. ಗೆರೆ ಎಳೆಯಲು ವಾಕ್ಯ ಸಿಗಲಿಲ್ಲವೆಂದರೆ ಆ ಉತ್ತರ ಊಹೆ, ಕಾಕತಾಳೀಯವಾಗಿ ಸರಿಯಾಗಿದ್ದರೂ ಕೂಡ.

ಎರಡನೆಯ ದಿನ ಅದೇ ಪ್ಯಾಸೇಜ್, ಆದರೆ ಈ ಸಲ ತಪ್ಪು ಆಯ್ಕೆಗಳ ವಿಚಾರಣೆ. ಪ್ರತಿ ಪ್ರಶ್ನೆಯ ಮೂರು ತಪ್ಪು ಆಯ್ಕೆಗಳೂ ಏಕೆ ತಪ್ಪು ಎಂದು ಬರೆಯಿರಿ. ಇದು ಬೇಸರದ ಕೆಲಸ, ಹೆಚ್ಚಿನವರು ಇಲ್ಲೇ ಬಿಟ್ಟುಬಿಡುತ್ತಾರೆ. ಆದರೆ ಅಂಕ ಏರುವುದು ಇಲ್ಲೇ. ಹತ್ತಾರು ಪ್ರಶ್ನೆ ಹೀಗೆ ಮಾಡಿದ ಮೇಲೆ ತಪ್ಪು ಆಯ್ಕೆಗಳಲ್ಲಿ ನಾಲ್ಕೈದು ಜಾತಿಗಳಷ್ಟೇ ಇವೆ ಎಂದು ಗೊತ್ತಾಗುತ್ತದೆ: ಪ್ಯಾಸೇಜ್‌ನಲ್ಲಿದೆ ಆದರೆ ಕೇಳಿದ್ದಕ್ಕೆ ಉತ್ತರವಲ್ಲ, ಪ್ಯಾಸೇಜ್‌ಗಿಂತ ಹೆಚ್ಚಾಗಿ ಹೇಳುತ್ತದೆ, ಅರ್ಧ ಸರಿ ಅರ್ಧ ತಪ್ಪು, ಲೋಕದಲ್ಲಿ ನಿಜವಿರಬಹುದು ಆದರೆ ಇಲ್ಲಿ ಬರೆದಿಲ್ಲ, ಕಾರಣ-ಪರಿಣಾಮ ತಿರುವುಮುರುವಾಗಿದೆ. ಒಂದು ನೋಟ್‌ಬುಕ್ ಇಟ್ಟು, ನೀವು ತಪ್ಪಿದ ಪ್ರಶ್ನೆಗಳೆಲ್ಲ ಯಾವ ಜಾತಿಯವು ಎಂದು ಬರೆದಿಡಿ. ಹೆಚ್ಚಿನವರಿಗೆ ಒಂದೋ ಎರಡೋ ಜಾತಿಯಲ್ಲೇ ತಪ್ಪುಗಳು ಗುಂಪಾಗಿರುತ್ತವೆ. ಅದು ತಿಳಿದ ಮೇಲೆ ಪರೀಕ್ಷೆಯಲ್ಲಿ ಎಲ್ಲಿ ನಿಧಾನಿಸಬೇಕು ಎಂಬುದು ತಾನಾಗಿ ತಿಳಿಯುತ್ತದೆ.

"ಲೋಕದಲ್ಲಿ ನಿಜ, ಇಲ್ಲಿ ಬರೆದಿಲ್ಲ" ಎಂಬ ಜಾತಿಯ ಬಗ್ಗೆ ಒಂದು ಮಾತು. ನಿಮ್ಮ ಕೆಲಸದಲ್ಲಿ ಈ ವ್ಯತ್ಯಾಸ ನಿಮಗೆ ಈಗಾಗಲೇ ಅಭ್ಯಾಸವಾಗಿದೆ. ರೋಗಿಯ ಚಾರ್ಟ್‌ನಲ್ಲಿ "ಊಟ ಅರ್ಧ ಬಿಟ್ಟರು, ಎರಡು ಸಲ ಮಾತನಾಡಿಸಿದರೂ ಉತ್ತರಿಸಲಿಲ್ಲ" ಎಂದು ಬರೆಯುತ್ತೀರೇ ಹೊರತು "ಮಗ ಬರಲಿಲ್ಲವೆಂದು ಬೇಸರದಲ್ಲಿದ್ದಾರೆ" ಎಂದು ಬರೆಯುವುದಿಲ್ಲ. ಕಂಡದ್ದು ಬೇರೆ, ನೀವು ಅಂದುಕೊಂಡದ್ದು ಬೇರೆ. ಈ ಪೇಪರ್ ಬಯಸುವುದು ಅದೇ ಶಿಸ್ತನ್ನು. ಅದರಲ್ಲೂ ಆರೋಗ್ಯದ ವಿಷಯದ ಪ್ಯಾಸೇಜ್ ಬಂದಾಗ ಹುಷಾರಾಗಿರಿ. ಗೊತ್ತಿರುವ ವಿಷಯದಲ್ಲೇ ಪ್ಯಾಸೇಜ್ ಬಿಟ್ಟು ಅನುಭವದಿಂದ ಉತ್ತರಿಸುವ ಅಪಾಯ ಹೆಚ್ಚು.

ಕನ್ನಡಕ್ಕೆ ತಿರುಗಿಸಿಕೊಂಡು ಓದುವುದು ತಪ್ಪಲ್ಲ, ಆದರೆ ವಾಕ್ಯ ವಾಕ್ಯವನ್ನೂ ತಿರುಗಿಸಲು ಹೊರಟರೆ ಸಮಯ ಸಾಲದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಹಾಗಾಗಿ ನಾವು ವಾಕ್ಯ ಮುಗಿಯುವವರೆಗೆ ಕಾದು ಅರ್ಥ ಹಿಡಿಯುತ್ತೇವೆ. ಇಂಗ್ಲಿಷಿನಲ್ಲಿ ಯಾರು, ಏನು ಮಾಡಿದರು ಎಂಬುದು ಮೊದಲೇ ಬಂದು, ಷರತ್ತುಗಳು ಬಾಲದಂತೆ ಹಿಂದೆ ಬರುವುದು ಹೆಚ್ಚು. ಕನ್ನಡಕ್ಕೆ ತಿರುಗಿಸುವಾಗ ಆ ಬಾಲವನ್ನು ಮುಂದಕ್ಕೆ ತರಬೇಕಾಗುತ್ತದೆ, ಅಷ್ಟರಲ್ಲಿ ಆರಂಭದಲ್ಲಿದ್ದದ್ದು ಮರೆಯುತ್ತದೆ. ಉದ್ದ ವಾಕ್ಯ ಕಂಡರೆ ಮೊದಲು ಕರ್ತೃ ಯಾರು, ಮುಖ್ಯ ಕ್ರಿಯೆ ಯಾವುದು ಎಂದು ಎರಡು ಪದ ಹಿಡಿಯಿರಿ, ಉಳಿದದ್ದನ್ನು ಆಮೇಲೆ ಜೋಡಿಸಿ. ಕನ್ನಡವನ್ನು ಪ್ಯಾರಾ ಮುಗಿದ ಮೇಲೆ ಬಳಸಿ, ಆ ಒಂದು ಸಾಲಿನ ಟಿಪ್ಪಣಿಗೆ. ವಿಚಾರ ಯಾವ ಭಾಷೆಯಲ್ಲಿ ನಿಂತರೂ ಪರೀಕ್ಷೆಗೆ ಅಡ್ಡಿಯಿಲ್ಲ. ಅಮೆರಿಕದಲ್ಲಿ ಈ ಪರೀಕ್ಷೆ ಇಂಗ್ಲಿಷ್ ಬಿಟ್ಟರೆ ಸ್ಪ್ಯಾನಿಷ್‌ನಲ್ಲಿದೆ, ಕನ್ನಡದಲ್ಲಿ ಇಲ್ಲ. ಹಾಗಾಗಿ ಓದುವುದನ್ನಂತೂ ಇಂಗ್ಲಿಷಿನಲ್ಲೇ ಮಾಡಬೇಕು.

ಸಾವಿರ ಪದಗಳ ಪಟ್ಟಿಯನ್ನು ಗೆಳತಿಗೇ ವಾಪಸ್ ಕೊಡಿ. ಅಪರೂಪದ ಪದಕ್ಕೆ ಅರ್ಥ ಹೇಳು ಎಂದು ಈ ಪೇಪರ್ ಕೇಳುವುದಿಲ್ಲ. ಪ್ಯಾಸೇಜ್‌ನ ಒಂದು ಪದ ಆ ಸಂದರ್ಭದಲ್ಲಿ ಏನನ್ನು ಸೂಚಿಸುತ್ತದೆ, ಅದನ್ನು ಬದಲಿಸಿದರೆ ಧಾಟಿ ಹೇಗೆ ಬದಲಾಗುತ್ತದೆ ಎಂದು ಕೇಳುತ್ತದೆ. ಅದಕ್ಕೆ ಹಿಂದಿನ ಮುಂದಿನ ವಾಕ್ಯ ಸಾಕು. ನೀವು ಬಾಯಿಪಾಠ ಮಾಡಲೇಬೇಕಾದ ಪದಗಳು ಬೇರೆಯೇ ಇವೆ, ಮತ್ತು ಅವು ತೀರಾ ಕಡಿಮೆ. ಒಂದು ಗುಂಪು, ಪ್ರಶ್ನೆಗಳಲ್ಲಿ ಬರುವಂಥವು: ಕ್ಲೇಮ್, ಎವಿಡೆನ್ಸ್, ಪರ್ಪಸ್, ಟೋನ್, ಇಂಪ್ಲೈ (ನೇರವಾಗಿ ಹೇಳದೆ ಸೂಚಿಸು), ಇನ್‌ಫರ್ (ಸುಳಿವಿನಿಂದ ತೀರ್ಮಾನಿಸು), ಅಸಂಪ್ಷನ್ (ಆಧಾರ ಕೊಡದೆ ನಿಜವೆಂದು ಹಿಡಿದದ್ದು), ಸಪೋರ್ಟ್. ಇವುಗಳಲ್ಲಿ ಒಂದರ ಅರ್ಥ ಮಸುಕಾಗಿದ್ದರೂ ಪ್ಯಾಸೇಜ್ ಪೂರ್ತಿ ಅರ್ಥವಾಗಿ ಉತ್ತರ ತಪ್ಪುತ್ತದೆ. ಇನ್ನೊಂದು ಗುಂಪು, ದಿಕ್ಕು ತಿರುಗಿಸುವ ಅಥವಾ ತೀರ್ಮಾನಕ್ಕೆ ತರುವ ಪದಗಳು: ಹೌಎವರ್, ಆಲ್ದೋ, ಅನ್‌ಲೆಸ್, ನೆವರ್‌ದಲೆಸ್, ವೇರ್‌ಆ್ಯಸ್, ದೇರ್‌ಫೋರ್. ಮೇಲಿನ ಪತ್ರದಲ್ಲಿ "ಆದರೆ" ಮಾಡಿದ ಕೆಲಸವನ್ನು ನೋಡಿದಿರಲ್ಲ. ಪ್ಯಾಸೇಜ್ ಓದುವಾಗ ಈ ಪದಗಳ ಮೇಲೆ ಮಾತ್ರ ದುಂಡು ಹಾಕುತ್ತಾ ಹೋದರೂ ವಾದದ ಅಸ್ಥಿಪಂಜರ ಕಾಣುತ್ತದೆ.

ಪ್ರಶ್ನೆ ಮೊದಲೋ ಪ್ಯಾಸೇಜ್ ಮೊದಲೋ ಎಂಬುದಕ್ಕೆ ಜಗಳವಾಡುವವರು ಬಹಳ. ನನ್ನ ಅಭಿಪ್ರಾಯ: ಪ್ರಶ್ನೆಗಳ ಮೇಲೆ ಒಮ್ಮೆ ಕಣ್ಣಾಡಿಸಿ, ಆಯ್ಕೆಗಳನ್ನು ಓದಬೇಡಿ, ಆಮೇಲೆ ಪ್ಯಾಸೇಜ್ ಪೂರ್ತಿ ಓದಿ. ಆಯ್ಕೆಗಳನ್ನು ಮೊದಲೇ ಓದಿದರೆ ತಪ್ಪು ಮಾಹಿತಿಯನ್ನು ತಲೆಯಲ್ಲಿಟ್ಟುಕೊಂಡು ಓದಿದ ಹಾಗಾಗುತ್ತದೆ. ಪ್ಯಾಸೇಜ್ ಪೂರ್ತಿ ಓದದೆ ಉತ್ತರ ಹೆಕ್ಕುವ ಉಪಾಯ ಹೇಳಿಕೊಡುವ ವಿಡಿಯೊಗಳೂ ಇವೆ. ಮುಖ್ಯ ವಿಚಾರ, ಉದ್ದೇಶ, ಧಾಟಿಯ ಪ್ರಶ್ನೆಗಳಿಗೆ ಅದು ಕೈಕೊಡುತ್ತದೆ.

ಪೇಪರ್‌ನ ಆಕಾರ ನಿಮಗೆ ಗೊತ್ತಿರಬಹುದು, ಆದರೂ ಅಭ್ಯಾಸವನ್ನು ಅದಕ್ಕೆ ಹೊಂದಿಸಬೇಕಾದ್ದರಿಂದ ಹೇಳುತ್ತೇನೆ. ಒಟ್ಟು 150 ನಿಮಿಷ. ಅದರಲ್ಲಿ 45 ನಿಮಿಷ ಪ್ರಬಂಧಕ್ಕೆ, 10 ನಿಮಿಷ ವಿರಾಮ, ಉಳಿದದ್ದು ಓದು ಮತ್ತು ವ್ಯಾಕರಣಕ್ಕೆ. ಪ್ಯಾಸೇಜ್‌ಗಳು 450ರಿಂದ 900 ಪದಗಳವು. ನಾಲ್ಕರಲ್ಲಿ ಮೂರು ಪಾಲು ಮಾಹಿತಿಯ ಬರಹ: ಲೇಖನ, ಪತ್ರ, ಭಾಷಣ, ಕೆಲಸದ ಸ್ಥಳದ ಸೂಚನೆ. ಒಂದು ಪಾಲು ಕಥೆ. ಕಥೆಯ ಪ್ಯಾಸೇಜ್‌ಗೆ ಹೆದರುವವರು ಹೆಚ್ಚು, ಆದರೆ ಅಲ್ಲಿ ಕೇಳುವುದು ಪಾತ್ರ ಹೀಗೇಕೆ ಮಾಡಿತು, ಈ ವಿವರ ಏನನ್ನು ತೋರಿಸುತ್ತದೆ ಎಂಬುದನ್ನೇ. ಸಾಕ್ಷಿ ವಾಕ್ಯದ ನಿಯಮ ಅಲ್ಲಿಯೂ ನಡೆಯುತ್ತದೆ. ನಿಮ್ಮ ಸಮಯದ ಮುಕ್ಕಾಲು ಭಾಗವನ್ನು ಮಾಹಿತಿ ಬರಹಕ್ಕೇ ಕೊಡಿ.

2014ರಿಂದ ಜಿಇಡಿ ಕಂಪ್ಯೂಟರ್ ಮೇಲೆ ನಡೆಯುವ ಪರೀಕ್ಷೆ. ಪುಸ್ತಕದಲ್ಲಿ ಅಭ್ಯಾಸ ಮಾಡಿದವರು ಪರದೆಯ ಮುಂದೆ ಕೂತಾಗ ತಬ್ಬಿಬ್ಬಾಗುತ್ತಾರೆ. ಪ್ಯಾಸೇಜ್ ಒಂದು ಪಕ್ಕ, ಪ್ರಶ್ನೆ ಇನ್ನೊಂದು ಪಕ್ಕ. ಕೆಲವು ಪ್ರಶ್ನೆಗಳಲ್ಲಿ ಉತ್ತರವನ್ನು ಎಳೆದು ಚೌಕದಲ್ಲಿ ಬಿಡಬೇಕು, ಕೆಲವದರಲ್ಲಿ ವಾಕ್ಯದ ಮಧ್ಯೆಯೇ ಪಟ್ಟಿ ತೆರೆದು ಸರಿಯಾದ ರೂಪ ಆರಿಸಬೇಕು. ಜಿಇಡಿಯವರದೇ ಜಾಲತಾಣದಲ್ಲಿ ಉಚಿತ ಮಾದರಿ ಪ್ರಶ್ನೆಗಳಿವೆ; ಅಭ್ಯಾಸದ ಅರ್ಧವನ್ನಾದರೂ ಪರದೆಯ ಮೇಲೆ ಮಾಡಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಯಾವುದನ್ನೂ ಖಾಲಿ ಬಿಡಬೇಡಿ. ಸಿಕ್ಕಿಕೊಂಡ ಪ್ರಶ್ನೆಗೆ ಗುರುತು ಹಾಕಿ ಮುಂದೆ ಹೋಗಿ ವಾಪಸ್ ಬರುವ ಸೌಲಭ್ಯವಿದೆ, ಅದನ್ನೂ ಅಭ್ಯಾಸದಲ್ಲೇ ರೂಢಿಸಿಕೊಳ್ಳಿ. ಗಡಿಯಾರ ಇಟ್ಟು ಮಾಡುವ ಅಭ್ಯಾಸ ಎರಡು ದಿನಕ್ಕೊಂದು ಪ್ಯಾಸೇಜ್‌ನ ಕ್ರಮ ಕೈಗೆ ಹತ್ತಿದ ಮೇಲೆ ಶುರುವಾಗಲಿ. ಮೊದಲು ಸರಿಯಾಗಲಿ, ವೇಗ ಆಮೇಲೆ.

ನೀವು ಕೇಳಲಿಲ್ಲ, ಆದರೆ ಆ 45 ನಿಮಿಷದ ಪ್ರಬಂಧವೂ ಓದಿನ ಪರೀಕ್ಷೆಯೇ, ಮತ್ತು ನಮ್ಮವರು ಅತಿ ಹೆಚ್ಚು ಅಂಕ ಕಳೆದುಕೊಳ್ಳುವ ಜಾಗ. ಒಂದೇ ವಿಷಯದ ಮೇಲೆ ಎರಡು ವಿರುದ್ಧ ವಾದಗಳನ್ನು ಕೊಟ್ಟು, ಯಾವುದಕ್ಕೆ ಬಲವಾದ ಆಧಾರವಿದೆ ಎಂದು ಕೇಳುತ್ತಾರೆ. ಶಾಲೆಯಲ್ಲಿ ಪ್ರಬಂಧ ಎಂದರೆ ನಮ್ಮ ಅಭಿಪ್ರಾಯ, ಒಂದೆರಡು ಗಾದೆ, ಉಪಸಂಹಾರ. ಇಲ್ಲಿ ನಿಮ್ಮ ಅಭಿಪ್ರಾಯ ಯಾರಿಗೂ ಬೇಕಿಲ್ಲ. ನಿಮಗೆ ಇಷ್ಟವಿಲ್ಲದ ಪಕ್ಷದವರೇ ಅಂಕಿಅಂಶ ಕೊಟ್ಟು, ತಜ್ಞರ ಮಾತು ಕೊಟ್ಟು ವಾದಿಸಿದ್ದರೆ, ಇನ್ನೊಬ್ಬರು ಬರೀ ಭಯ ಹುಟ್ಟಿಸಿದ್ದರೆ, ಮೊದಲನೆಯವರ ವಾದವೇ ಗಟ್ಟಿ ಎಂದು ಬರೆಯಬೇಕು. ಅಂಕ ಕೊಡುವಾಗ ನೋಡುವುದು ಮೂರನ್ನು: ವಾದವನ್ನು ವಿಶ್ಲೇಷಿಸಿ ಆಧಾರ ಎತ್ತಿ ತೋರಿಸಿದ್ದೀರಾ, ವಿಚಾರಗಳನ್ನು ಕ್ರಮವಾಗಿ ಜೋಡಿಸಿದ್ದೀರಾ, ಇಂಗ್ಲಿಷ್ ಸ್ವಚ್ಛವಾಗಿದೆಯಾ. ವಾರಕ್ಕೊಮ್ಮೆ ಒಂದೇ ವಿಷಯದ ಪರ-ವಿರೋಧ ಲೇಖನಗಳನ್ನು ಓದಿ ಯಾರು ಏನು ಆಧಾರ ಕೊಟ್ಟರು ಎಂದು ಎರಡು ಕಾಲಮ್ ಮಾಡಿ. ಪ್ರತಿ ಸಲ ಪೂರ್ತಿ ಪ್ರಬಂಧ ಬರೆಯಬೇಕಿಲ್ಲ, ಆ ಪಟ್ಟಿಯೇ ಅರ್ಧ ಕೆಲಸ.

ಈ ಅಭ್ಯಾಸ ಒಂದೇ ಪೇಪರ್‌ಗೆ ವ್ಯರ್ಥವಾಗುವುದೂ ಇಲ್ಲ. ವಿಜ್ಞಾನ ಮತ್ತು ಸಮಾಜ ವಿಜ್ಞಾನದ ಪೇಪರ್‌ಗಳೂ ಬಹುಮಟ್ಟಿಗೆ ಓದಿನ ಪೇಪರ್‌ಗಳೇ. ಗ್ರಾಫ್, ಪಟ್ಟಿ, ಭೂಪಟಗಳೂ ಪ್ಯಾಸೇಜ್‌ಗಳ ಜೊತೆ ಸೇರಿರುತ್ತವೆ. ಸಮಾಜ ವಿಜ್ಞಾನದಲ್ಲಿ 1776ರ ಸ್ವಾತಂತ್ರ್ಯ ಘೋಷಣೆಯಂಥ ಹಳೆಯ ಇಂಗ್ಲಿಷಿನ ತುಣುಕು ಬಂದರೆ ಗಾಬರಿಯಾಗಬೇಡಿ. ಕರ್ತೃ ಮತ್ತು ಕ್ರಿಯೆ ಹಿಡಿಯುವ ಉಪಾಯ ಅಲ್ಲಿ ಇನ್ನೂ ಹೆಚ್ಚು ಉಪಯೋಗಕ್ಕೆ ಬರುತ್ತದೆ. ನಿಮ್ಮ ಸುತ್ತ ಅಡಲ್ಟ್ ಎಜುಕೇಷನ್ ತರಗತಿ ಇದೆಯೇ ಎಂದು ಸಾರ್ವಜನಿಕ ಗ್ರಂಥಾಲಯದಲ್ಲೋ ಕಮ್ಯುನಿಟಿ ಕಾಲೇಜಿನಲ್ಲೋ ವಿಚಾರಿಸಿ. ಸರ್ಕಾರದ ಅನುದಾನದಿಂದ ನಡೆಯುವ ತರಗತಿಗಳು ಬಹಳ ಕಡೆ ಉಚಿತ. ನಿಮ್ಮ ಪ್ರಬಂಧವನ್ನು ಓದಿ ತಿದ್ದುವ ಒಬ್ಬರು ಸಿಕ್ಕರೆ ಅದು ಪುಸ್ತಕದಿಂದ ಸಿಗದ ಲಾಭ.

ಪರೀಕ್ಷೆಗೆ ಯಾವಾಗ ಹೆಸರು ಕೊಡಬೇಕು? ಹೊಸ ಪ್ಯಾಸೇಜ್‌ನಲ್ಲಿ ಪ್ರತಿ ಉತ್ತರಕ್ಕೂ ಸಾಕ್ಷಿ ವಾಕ್ಯ ತೋರಿಸಲು ಆಗುವವರೆಗೆ ಜಿಇಡಿ ರೆಡಿಗೆ ಮತ್ತೆ ದುಡ್ಡು ಕಟ್ಟಬೇಡಿ. ಅದಾದ ಮೇಲೆ ಒಮ್ಮೆ ಬರೆದು, 145ರ ಅಂಚಿನಲ್ಲಲ್ಲ, 150ರ ಆಸುಪಾಸು ಬಂದರೆ ದಿನ ಗೊತ್ತುಮಾಡಿ. ನರ್ಸಿಂಗ್ ಕಡೆ ಹೋಗುವವರಾದ್ದರಿಂದ 165 ಮುಟ್ಟಿದರೆ ಕಾಲೇಜಿಗೆ ಸಿದ್ಧ ಎಂಬ ಗುರುತು ಸಿಗುತ್ತದೆ ಎಂಬುದೂ ನೆನಪಿರಲಿ, ಆದರೆ ಅದಕ್ಕಾಗಿ ಪರೀಕ್ಷೆಯನ್ನು ಮುಂದೂಡುತ್ತಾ ಕೂರುವುದು ಬೇಡ. ಒಂದು ವಿಷಯ ಪಾಸಾಗದಿದ್ದರೆ ಅದೊಂದನ್ನೇ ಮತ್ತೆ ಬರೆಯಬಹುದು, ನಿಮ್ಮ ಗಣಿತದ ಫಲಿತಾಂಶಕ್ಕೆ ಏನೂ ಆಗುವುದಿಲ್ಲ. ಮರುಪರೀಕ್ಷೆಯ ಶುಲ್ಕ, ಎರಡು ಪ್ರಯತ್ನಗಳ ನಡುವಿನ ಅಂತರ ರಾಜ್ಯದಿಂದ ರಾಜ್ಯಕ್ಕೆ ಬೇರೆ ಇರಬಹುದು. ದಿನ ಗೊತ್ತುಮಾಡುವ ಮೊದಲು ನಿಮ್ಮ ಜಿಇಡಿ ಖಾತೆಯಲ್ಲಿ ನಿಮ್ಮ ರಾಜ್ಯದ ನಿಯಮ ನೋಡಿಕೊಳ್ಳಿ.